ಬಾಣಂತಿಗೆ ಹೇಳದ ಸುದ್ದಿ

ನಮ್ಮ ಮನೆಯ ಟೀವಿ ಕೆಟ್ಟಿಲ್ಲ ಎಂಬುದು ಒಬ್ಬಳನ್ನು ಬಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಮ್ಮ ಅದರ ಪ್ಲಗ್ ಕಿತ್ತು, ಮೇಲೊಂದು ಹಳೆಯ ರೇಷ್ಮೆ ಸೀರೆ ಹೊದಿಸಿ, ಸೀರೆಯ ಮೇಲೆ ಹಿತ್ತಾಳೆ ಗಣಪತಿಯನ್ನು ಕೂರಿಸಿದ್ದಳು. ಗಣಪತಿ ಕೂತ ಮೇಲೆ ಮುಗಿಯಿತು, ಅದು ದೇವರ ಜಾಗ, ಯಾರೂ ಮುಟ್ಟುವಂತಿಲ್ಲ. ಇದು ಜಪಾನಿನ ತ್ಸುಕುಬಾದಲ್ಲಿ, ಅಪ್ಪ ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಯ ಕ್ವಾರ್ಟರ್ಸಿನಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗಿನ ಮಾತು. ನಾಲ್ಕು ಮಹಡಿಯ ಸಿಮೆಂಟಿನ ಕಟ್ಟಡ, ಮೂರನೆಯದರಲ್ಲಿ ನಮ್ಮ ಮನೆ, ಕಿಟಕಿಯ ಕೆಳಗೆ ಸೈಕಲ್ಲುಗಳ ಸಾಲು, ಅದರಾಚೆ ನೀರು ಕಟ್ಟಿ ನಿಲ್ಲಿಸಿದ ಭತ್ತದ ಗದ್ದೆ. ಆ ವಸಂತದಲ್ಲಿ, ಅಂದರೆ ತೊಂಬತ್ತೆರಡರಲ್ಲಿ, ಕಾಬೂಲ್ ನಗರ ಬಿತ್ತು. ನಮಗೂ ಕಾಬೂಲಿಗೂ ಏನೇನೂ ಸಂಬಂಧವಿರಲಿಲ್ಲ. ಆದರೂ ಆ ಊರು ಬಿದ್ದ ಸದ್ದು ಮೊದಲು ಕೇಳಿದ್ದು ನಮ್ಮ ಮನೆಯ ಬಾಗಿಲ ಬಳಿ, ಚಪ್ಪಲಿ ಕಪಾಟಿನ ಮೇಲಿದ್ದ ಟೆಲಿಫೋನಿನಲ್ಲಿ.

ಕಾಬೂಲಿನಿಂದ ಬಂದ ಫರೀದಾ ಮತ್ತು ಅವಳ ಗಂಡ ನಸೀರ್ ಅಂಕಲ್ ಪಕ್ಕದ ಕಟ್ಟಡದಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದರು. ನಸೀರ್ ಅಂಕಲ್ ಗೋಧಿ ತಳಿಯ ಮೇಲೆ ಓದುತ್ತಿದ್ದ ವಿದ್ಯಾರ್ಥಿ. ಫರೀದಾಳನ್ನು ನಾನು ಆಂಟಿ ಎನ್ನುತ್ತಿದ್ದೆ. ಈಗ ನೆನೆದರೆ ಅವಳಿಗೆ ಆಗ ಇಪ್ಪತ್ತೆರಡು, ನನ್ನ ಮಗಳಿಗಿಂತ ಎರಡೇ ವರ್ಷ ದೊಡ್ಡವಳು. ಹಾಗಾಗಿ ಇಲ್ಲಿ ಫರೀದಾ ಎಂದೇ ಬರೆಯುತ್ತೇನೆ. ಅಮ್ಮನಿಗೂ ಅವಳಿಗೂ ನಂಟು ಬೆಳೆದದ್ದು ಹಿಂದಿಯಿಂದ. ಫರೀದಾಳ ಹಿಂದಿ ಕಾಬೂಲಿನ ಚಿತ್ರಮಂದಿರಗಳಲ್ಲಿ ಬೊಂಬಾಯಿ ಸಿನಿಮಾ ನೋಡಿ ಕಲಿತದ್ದು, ಅಮ್ಮನದು ಬೆಂಗಳೂರಿನ ಸಿಟಿ ಮಾರ್ಕೆಟ್ಟಿನಲ್ಲಿ ಹಣ್ಣಿನವರ ಹತ್ತಿರ. ಒಬ್ಬಳದು ಪ್ರೇಮದ ಹಿಂದಿ, ಇನ್ನೊಬ್ಬಳದು ಚೌಕಾಸಿಯ ಹಿಂದಿ. ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಇಬ್ಬರ ನಡುವೆ ಕೂತು ನನಗೂ ಆ ಭಾಷೆ ಬಂತು. ಫರೀದಾ ಬಸುರಿಯಾದಾಗ ಅಮ್ಮ ಯಾರನ್ನೂ ಕೇಳದೆ ತೀರ್ಮಾನಿಸಿಬಿಟ್ಟಳು: ತವರಿಂದ ಯಾರೂ ಬರುವಂತಿಲ್ಲ, ಅಲ್ಲಿ ಯುದ್ಧ, ಆದ್ದರಿಂದ ಬಾಣಂತನ ನಮ್ಮ ಮನೆಯಲ್ಲಿ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಅಪ್ಪ ಒಪ್ಪಿದ್ದನ್ನು ಹೇಳುವ ರೀತಿ ಅದು.

ಮಗು ಆಸ್ಪತ್ರೆಯಲ್ಲಿ ಹುಟ್ಟಿತು, ಗಂಡು. ಐದನೆಯ ದಿನ ತಾಯಿ ಮಗು ನಮ್ಮ ಮನೆಯ ಆರು ಚಾಪೆ ಹಾಸುವಷ್ಟು ಅಗಲದ ಕೋಣೆಗೆ ಬಂದರು. ಅದು ನನ್ನ ಕೋಣೆ. ನಾನು ಅಪ್ಪ ಅಮ್ಮನ ನಡುವೆ ಮಲಗತೊಡಗಿದೆ. ಅಮ್ಮ ನನ್ನ ಅಜ್ಜಿ ಬರೆದು ಕಳಿಸಿದ ಕಾಗದವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ ಚಾಚೂ ತಪ್ಪದೆ ನಡೆಸಿದಳು. ಬೆಳಿಗ್ಗೆ ಎಣ್ಣೆ ತಿಕ್ಕಿ ಕುದಿಯುವ ನೀರಿನ ಸ್ನಾನ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಅಪ್ಪನ ಪಂಚೆ ಬಿಗಿದು, ಆಮೇಲೆ ಎರಡು ರಜಾಯಿ ಹೊದಿಸಿ ಬೆವರು ಕಿತ್ತು ಬರುವ ತನಕ ಮಲಗಿಸುವುದು. ಆ ಹೊತ್ತಿನಲ್ಲಿ ಯಾರೂ ಬಾಗಿಲು ಸರಿಸುವಂತಿಲ್ಲ, ಮಾತಾಡಿಸುವಂತಿಲ್ಲ. ಊಟಕ್ಕೆ ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ತುಪ್ಪ. ಫರೀದಾ ಮೂರು ದಿನ ಸುಮ್ಮನೆ ತಿಂದು ನಾಲ್ಕನೆಯ ದಿನ ಅತ್ತಳು. ನಮ್ಮಲ್ಲಿ ಹಡೆದವಳಿಗೆ ಮಾಂಸದ ಸಾರು ಕೊಡುತ್ತಾರೆ, ಎಂದಳು. ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬಂದದ್ದಿಲ್ಲ. ಅಮ್ಮ ಒಂದು ಇಡೀ ದಿನ ಮುಖ ದಪ್ಪ ಮಾಡಿಕೊಂಡು ಓಡಾಡಿ, ಕೊನೆಗೆ ಬಾಲ್ಕನಿಯಲ್ಲಿ ಒಂದು ಸಣ್ಣ ಗ್ಯಾಸ್ ಒಲೆ ಇಟ್ಟುಕೊಟ್ಟಳು. ನಸೀರ್ ಅಂಕಲ್ ಅಲ್ಲಿ ಬಗ್ಗಿ ಕೂತು ಕೋಳಿ ಬೇಯಿಸುತ್ತಿದ್ದರು. ಅಮ್ಮ ಒಳಗಿನಿಂದ ಗಾಜಿನ ಬಾಗಿಲು ಹಾಕಿಕೊಂಡು, ಮೂಗಿಗೆ ಸೆರಗು ಹಿಡಿದು, "ಮೆಣಸು ಜಾಸ್ತಿ ಹಾಕಪ್ಪಾ" ಎಂದು ಗಾಜಿನ ಈಚೆಯಿಂದಲೇ ಕೂಗುತ್ತಿದ್ದಳು. ಆ ಒಂದೆರಡು ವಾರ ನಮ್ಮ ಮನೆಯಲ್ಲಿ ಇದ್ದಷ್ಟು ಸಂತೋಷ ಮುಂದೆ ನಾನು ಕಂಡಿಲ್ಲ. ಅಮ್ಮ ದಿನವಿಡೀ ಗೊಣಗುತ್ತಿದ್ದಳು, ಅಂದರೆ ಅವಳು ಸುಖವಾಗಿದ್ದಳು.

ಅದೇ ದಿನಗಳಲ್ಲಿ ಕಾಬೂಲಿನಲ್ಲಿ ಅಧ್ಯಕ್ಷ ಕುರ್ಚಿ ಬಿಟ್ಟು ಅಡಗಿದ. ನಾಲ್ಕು ದಿಕ್ಕಿನಿಂದ ಬೇರೆ ಬೇರೆ ಪಡೆಗಳು ಊರೊಳಗೆ ನುಗ್ಗಿದವು. ಗೆದ್ದವರು ಊರು ಹಂಚಿಕೊಳ್ಳಲಾರದೆ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ರಾಕೆಟ್ ಹಾರಿಸತೊಡಗಿದರು. ಇದೆಲ್ಲ ನಾನು ದೊಡ್ಡವಳಾದ ಮೇಲೆ ಓದಿ ತಿಳಿದದ್ದು. ಆಗ ನನಗೆ ಕಂಡದ್ದು ಇಷ್ಟೇ: ನಸೀರ್ ಅಂಕಲ್ ಮೆಟ್ಟಿಲ ಮೇಲೆ ಕೂತು ಕೈ ಅಗಲದ ರೇಡಿಯೋವನ್ನು ಕಿವಿಗೊತ್ತಿಕೊಂಡಿರುತ್ತಿದ್ದರು, ಮನೆಯೊಳಗೆ ಬರುವಾಗ ಅದನ್ನು ಕೋಟಿನ ಜೇಬಿಗೆ ತುರುಕಿ ನಗುತ್ತ ಬರುತ್ತಿದ್ದರು. ಅವರ ಕೋಣೆಯಲ್ಲಿ ಫೋನ್ ಇರಲಿಲ್ಲ. ಊರಿನವರಿಗೆಲ್ಲ ನಮ್ಮ ಮನೆಯ ನಂಬರೇ ಕೊಟ್ಟಿದ್ದರು. ಮಗು ಹುಟ್ಟಿ ಹದಿನಾರನೆಯ ದಿನ, ತ್ಸುಕುಬಾದ ತುಂಬ ಗಂಡುಮಕ್ಕಳ ಹಬ್ಬಕ್ಕೆ ಬಟ್ಟೆಯ ಮೀನುಗಳನ್ನು ಗಳಕ್ಕೆ ಕಟ್ಟಿ ಹಾರಿಸುತ್ತಿದ್ದಾಗ, ಪೇಶಾವರದಿಂದ ಅವರ ದಾಯಾದಿಯೊಬ್ಬರ ಫೋನ್ ಬಂತು. ನಸೀರ್ ಅಂಕಲ್ ನಿಂತೇ ಕೇಳಿಸಿಕೊಂಡರು. ಆಮೇಲೆ ರಿಸೀವರ್ ಇಟ್ಟು, ಚಪ್ಪಲಿಗಳ ನಡುವೆ ಕುಸಿದು ಕೂತು, ಬಾಯಿಗೆ ತನ್ನದೇ ಟೋಪಿ ತುರುಕಿಕೊಂಡು ಅತ್ತರು. ಫರೀದಾಳ ತಾಯಿ ಒಣಹಾಕಿದ ಬಟ್ಟೆ ತೆಗೆಯಲು ಅಂಗಳಕ್ಕೆ ಬಂದಿದ್ದರಂತೆ, ರಾಕೆಟ್ ಅಂಗಳಕ್ಕೇ ಬಿತ್ತಂತೆ. ತಂದೆ ಮತ್ತು ತಂಗಿ ಉಳಿದಿದ್ದರು. ಫರೀದಾ ಆಗ ಕೋಣೆಯಲ್ಲಿ ರಜಾಯಿಯ ಕೆಳಗೆ ಬೆವರುತ್ತ ಮಲಗಿದ್ದಳು, ಕಿವಿಯಲ್ಲಿ ಹತ್ತಿ ಇತ್ತು.

ಅಪ್ಪ ಅಮ್ಮ ಜಗಳವಾಡಿದ್ದನ್ನು ನಾನು ಹೆಚ್ಚು ನೋಡಿಲ್ಲ. ಅವತ್ತು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಸದ್ದು ಹೊರಗೆ ಹೋಗದಂತೆ, ಪಿಸುಮಾತಿನಲ್ಲಿ ಜಗಳವಾಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಹೇಳ್ಬಿಡೋಣ ವಿಮಲಾ. ಹೋಗಿರೋದು ಅವಳ ತಾಯಿ. ಮುಚ್ಚಿಡೋಕೆ ನಾವ್ಯಾರು?"

"ಹಸಿ ಮೈ ರೀ ಅದು! ನಲವತ್ತು ದಿನ ಆಗ್ಲಿ, ನಾನೇ ಕೂರಿಸ್ಕೊಂಡು ಹೇಳ್ತೀನಿ. ಸತ್ತೋರೇನು ಎದ್ ಬರ್ತಾರಾ? ಬದುಕಿರೋಳ್ನ ನೋಡ್ಕೋಬೇಕು ಈಗ."

"ನಿಮ್ಮಕ್ಕನ ವಿಷಯ ತಂದು ಇಲ್ಲಿ ಸೇರಿಸ್ಬೇಡ."

"ಸೇರಿಸ್ತೀನಿ. ನೀವು ನೋಡಿಲ್ಲ. ನಾನು ನೋಡಿದೀನಿ."

ನನ್ನ ದೊಡ್ಡಮ್ಮನ ಕತೆ ನಮ್ಮ ಮನೆಯಲ್ಲಿ ಯಾರೂ ಪೂರ್ತಿ ಹೇಳುತ್ತಿರಲಿಲ್ಲ. ಹಡೆದು ಮೂರು ವಾರವಾಗಿದ್ದಾಗ ಯಾರೋ ಪುಣ್ಯಾತ್ಮರು ಬಾಗಿಲಲ್ಲೇ ನಿಂತು, ನಿಮ್ಮಪ್ಪ ಹೋದರಂತಲ್ಲಮ್ಮ ಎಂದುಬಿಟ್ಟರು. ದೊಡ್ಡಮ್ಮನಿಗೆ ಸನ್ನಿ ಹಿಡಿಯಿತು. ಮಗುವನ್ನು ತನ್ನದಲ್ಲ ಎಂದು ದೂಡಿದಳಂತೆ. ನಾನು ಕಂಡ ದೊಡ್ಡಮ್ಮ ಹಿತ್ತಲ ಕೋಣೆಯಲ್ಲಿ ಗೋಡೆ ನೋಡುತ್ತ ಕೂತಿರುತ್ತಿದ್ದ ಒಬ್ಬ ಹೆಂಗಸು ಅಷ್ಟೆ. ಅಮ್ಮನಿಗೆ ಆಗ ಹದಿನಾಲ್ಕು ವರ್ಷ, ಎಲ್ಲವನ್ನೂ ಕಣ್ಣಾರೆ ಕಂಡವಳು. ಅಮ್ಮನನ್ನು ಬೈಯುವಾಗಲೆಲ್ಲ ನಾನು ಇದನ್ನು ನೆನಪಿಸಿಕೊಳ್ಳಬೇಕಾಗುತ್ತದೆ. ನಸೀರ್ ಅಂಕಲ್ ಮರುಮಾತಾಡದೆ ಒಪ್ಪಿದರು. ನಮ್ಮಲ್ಲೂ ಹಡೆದವಳಿಗೆ ನಲವತ್ತು ದಿನ ಅಪಾಯದ ಕಾಲ, ಒಬ್ಬಳನ್ನೇ ಬಿಡುವುದಿಲ್ಲ, ಬೆಚ್ಚಿಬೀಳಿಸುವುದಿಲ್ಲ, ಎಂದರು. ಹೇಳುವ ಕೆಲಸ ನಲವತ್ತನೆಯ ದಿನಕ್ಕೆ ಹೋಯಿತಲ್ಲ ಎಂದು ಅವರಿಗೆ ಹಗುರವೂ ಆಗಿರಬೇಕು. ಕೊನೆಗೆ ಅಮ್ಮ ನನ್ನ ಗಲ್ಲ ಹಿಡಿದೆತ್ತಿದಳು.

"ನಿನ್ ಬಾಯಿಂದ ಒಂದ್ ಮಾತು ಬಿದ್ರೆ ನೋಡು. ಅವಳಿಗೇನಾದ್ರೂ ಆದ್ರೆ ಆ ಪಾಪ ನಿನ್ನದೇ."

ಹತ್ತು ವರ್ಷದ ಮಗುವಿಗೆ ಹೇಳುವ ಮಾತೇ ಅದು? ಹೇಳಿದಳು. ಟೀವಿಯ ಮೇಲೆ ಗಣಪತಿ ಬಂದು ಕೂತದ್ದು ಆ ಸಂಜೆಯೇ.

ಸುಳ್ಳು ಹೇಳುವ ಮನೆಯಲ್ಲಿ ಎಷ್ಟು ಕೆಲಸವಿರುತ್ತದೆ ಎಂಬುದು ಹೊರಗಿನವರಿಗೆ ತಿಳಿಯದು. ಅಪ್ಪನ ಇಂಗ್ಲಿಷ್ ಪೇಪರ್ ಸಂಸ್ಥೆಯಲ್ಲೇ ಉಳಿಯಿತು. ಫೋನಿನ ಗಂಟೆಯ ಸದ್ದು ತಗ್ಗಿಸಲು ಅದರ ಕೆಳಗೆ ಮಡಿಸಿದ ಟವಲ್ ಬಂತು. ನಸೀರ್ ಅಂಕಲ್ ಕೋಣೆಗೆ ಹೋಗುವ ಮುಂಚೆ ನಮ್ಮ ಸಿಂಕಿನಲ್ಲಿ ಮುಖ ತೊಳೆಯುತ್ತಿದ್ದರು, ಒರೆಸಿಕೊಂಡು ಕನ್ನಡಿಯಲ್ಲಿ ಒಮ್ಮೆ ನಕ್ಕು ನೋಡಿಕೊಳ್ಳುತ್ತಿದ್ದರು. ಫರೀದಾ ದಿನವೂ ಕೇಳುತ್ತಿದ್ದಳು, ಅಮ್ಮನ ಫೋನ್ ಬಂತೇ ಎಂದು. ಲೈನ್ ಕಟ್ಟಾಗಿದೆ ಎಂದು ಅಮ್ಮ ದಿನವೂ ಹೇಳುತ್ತಿದ್ದಳು. ಫರೀದಾ ಅನುಮಾನಿಸಲಿಲ್ಲ, ಅವಳ ಊರಿನಲ್ಲಿ ಲೈನ್ ಕಟ್ಟಾಗುವುದು ಹೊಸದೇನಲ್ಲ. ನನ್ನ ತಾಯಿ ಇದ್ದಿದ್ದರೆ ಮಗುವಿನ ಕಣ್ಣಿಗೆ ಸುರ್ಮಾ ಹಚ್ಚುತ್ತಿದ್ದಳು, ಎಂದು ಒಂದು ದಿನ ಅಂದಳು. ಇಲ್ಲಿ ಇದ್ದಿದ್ದರೆ ಎಂಬ ಅರ್ಥದಲ್ಲಿ ಅಂದದ್ದು. ಅಮ್ಮ ಎದ್ದು ಹೋಗಿ, ಹರಳೆಣ್ಣೆ ದೀಪದ ಮೇಲೆ ಬಟ್ಟಲು ಕವುಚಿ ಕಾಡಿಗೆ ಹಿಡಿದು ತಂದು ಮಗುವಿಗೆ ಹಚ್ಚಿದಳು, ಅರ್ಧ ಕೆನ್ನೆಗೆ ಮೆತ್ತಿತು. ಫರೀದಾ ತಾಯಿಗೆ ಕಾಗದ ಬರೆದು ನನ್ನ ಕೈಗೆ ಕೊಡುತ್ತಿದ್ದಳು. ನಾನು ಅವನ್ನು ನಿಜವಾಗಿಯೂ ಅಂಚೆಪೆಟ್ಟಿಗೆಗೆ ಹಾಕಿ ಬರುತ್ತಿದ್ದೆ. ಅದರಲ್ಲೂ ಮೋಸ ಮಾಡಲು ನನಗೆ ಮನಸ್ಸು ಬರಲಿಲ್ಲ.

ಮಗುವಿನ ತೂಕ ನೋಡಲು ಊರಿನ ಆರೋಗ್ಯ ಕಚೇರಿಯಿಂದ ಮೊರಿ-ಸಾನ್ ಎಂಬ ನರ್ಸ್ ಬಂದರು. ತುಂಬ ಒಳ್ಳೆಯ ಹೆಂಗಸು. ತಕ್ಕಡಿಯನ್ನೂ ಮಗುವಿನಂತೆಯೇ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಹೊಟ್ಟೆಗೆ ಬಿಗಿದ ಪಂಚೆ ನೋಡಿ ನಮ್ಮಲ್ಲೂ ಹಿಂದೆ ಹೀಗೆ ಕಟ್ಟುತ್ತಿದ್ದರು ಎಂದು ಮೆಚ್ಚಿದರು, ಸಾಂಬ್ರಾಣಿ ಹೊಗೆಗೆ ಮೂಗು ಮುರಿದರು. ಮನೆಯಲ್ಲಿ ಚೆನ್ನಾಗಿ ಜಪಾನಿ ಬರುತ್ತಿದ್ದದ್ದು ನನಗೊಬ್ಬಳಿಗೆ. ಅಮ್ಮನದು ಕ್ಷಮಿಸಿ, ಧನ್ಯವಾದ ಎನ್ನುವ ಸುಮಿಮಾಸೆನ್, ಅರಿಗಾತೋಗಳಲ್ಲೇ ಸಂಸಾರ ತೂಗಿಸುವ ಜಪಾನಿ. ಹಾಗಾಗಿ ನಾನು ನಡುವೆ ಕೂತೆ. ಹಾಲು ಸಾಲುತ್ತದೆಯೇ, ನಿದ್ದೆ ಬರುತ್ತದೆಯೇ ಎಂದೆಲ್ಲ ಆಯಿತು. ಅಮ್ಮ ಟೀ ತರಲು ಎದ್ದು ಹೋದಳು. ಆಗ ಫರೀದಾ ನನ್ನ ಮೊಣಕೈ ಹಿಡಿದಳು.

"ಇವರ ಮನೆಯಲ್ಲಿ ಟೀವಿ ಇರುತ್ತದಲ್ಲ. ಕಾಬೂಲಿನ ಸುದ್ದಿ ಏನಾದರೂ ನೋಡಿದಿರಾ ಅಂತ ಕೇಳು."

ನಾನು ಕೇಳಿದೆ. ಮೊರಿ-ಸಾನ್ ಮುಖ ಇಳಿಯಿತು. ನೋಡಿದೆ, ಬಹಳ ಕಷ್ಟವಾಯಿತು ನೋಡಲು, ಊರೊಳಗೇ ಹೊಡೆದಾಡುತ್ತಿದ್ದಾರೆ, ಮನೆಗಳೆಲ್ಲ ಉರಿಯುತ್ತಿದ್ದವು, ಇವರ ಮನೆಯವರು ಸುರಕ್ಷಿತವಾಗಿದ್ದಾರೆಯೇ, ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. ಫರೀದಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನ್ನ ಕಣ್ಣ ಮುಂದೆ ಗೋಡೆ ನೋಡುತ್ತ ಕೂತ ದೊಡ್ಡಮ್ಮ ಬಂದಳು.

"ಅವರಿಗೆ ಗೊತ್ತಿಲ್ಲವಂತೆ. ಅವರು ಟೀವಿ ನೋಡಲ್ಲವಂತೆ."

ಫರೀದಾ ಮೊರಿ-ಸಾನ್ ಕಡೆ ತಿರುಗಿ, ಪರವಾಗಿಲ್ಲ ಎಂಬಂತೆ ನಕ್ಕು ತಲೆಬಾಗಿದಳು. ಮನೆ ಉರಿಯುವ ಮಾತಿಗೆ ನಗು ಬಂದದ್ದನ್ನು ಕಂಡು ಮೊರಿ-ಸಾನ್ ಅವಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹೋಗುವಾಗ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ, ನಿನಗೆ ಕಷ್ಟವಾಗುತ್ತಿದೆ ಅಲ್ಲವೇ, ಎಂದು ನನ್ನ ತಲೆ ಮುಟ್ಟಿದರು. ಈಗ ನಾನು ಕಾವಾಸಾಕಿಯ ಆಸ್ಪತ್ರೆಗಳಲ್ಲಿ ಡಾಕ್ಟರರ ಮಾತನ್ನು ನಮ್ಮವರಿಗೆ, ನಮ್ಮವರ ಮಾತನ್ನು ಡಾಕ್ಟರರಿಗೆ ಹೇಳುವ ಕೆಲಸ ಮಾಡುತ್ತೇನೆ. ಸ್ವಲ್ಪ ಮೆತ್ತಗೆ ಹೇಳಿ ಮೇಡಂ, ಅಮ್ಮನಿಗೆ ಕ್ಯಾನ್ಸರ್ ಅಂತ ಮಾತ್ರ ಹೇಳ್ಬೇಡಿ, ಎಂದು ಮಕ್ಕಳು ಕಾರಿಡಾರಿನಲ್ಲಿ ಕೈ ಮುಗಿಯುತ್ತಾರೆ. ನಾನು ಒಪ್ಪುವುದಿಲ್ಲ. ಒರಟಿ, ಕರುಳಿಲ್ಲದವಳು ಎಂದು ಇಲ್ಲಿನ ಕನ್ನಡದವರಲ್ಲಿ ನನಗೆ ಹೆಸರಿದೆ. ಇರಲಿ.

ಮೂವತ್ತನೆಯ ದಿನ ಶನಿವಾರ. ಸ್ಕೂಲು ಅರ್ಧ ದಿನ, ನಾನು ಊಟಕ್ಕೆ ಬಂದಿದ್ದೆ. ಅಪ್ಪನೂ ನಸೀರ್ ಅಂಕಲ್ಲೂ ಸಂಸ್ಥೆಯಲ್ಲಿದ್ದರು. ಫರೀದಾಳ ಸ್ನಾನ ಅವತ್ತು ತಡವಾಗಿ, ಆಗಷ್ಟೇ ರಜಾಯಿಯ ಕೆಳಗೆ ಮಲಗಿದ್ದಳು. ಫೋನು ಟವಲ್ಲಿನ ಮೇಲೆ ಗೊಗ್ಗರು ದನಿಯಲ್ಲಿ ಬಾರಿಸಿತು. ನಾನು ಎತ್ತಿದೆ. ಮೊದಲು ಗಾಳಿಯ ಸದ್ದು, ಆಮೇಲೆ ಒಬ್ಬ ವಯಸ್ಸಾದ ಗಂಡಸಿನ ದನಿ.

"ಫರೀದಾ ಜಾನ್? ನೀನೇನಾ?"

ಅಲ್ಲ ಎಂದೆ. ಅವರು ಕೆಮ್ಮಿ, ಸ್ವಲ್ಪ ನಕ್ಕರು. "ಹಾಗಾದರೆ ನೀನು ಆ ಮನೆಯ ಮಗಳು. ಫರೀದಾಳನ್ನು ಕರೆ ಮಗೂ." ಅವರ ಉರ್ದು ನಿಧಾನ, ಸ್ಪಷ್ಟ, ಮೇಷ್ಟರಾಗಿದ್ದವರು. ನನಗೆ ಪ್ರತಿ ಅಕ್ಷರವೂ ಕೇಳಿಸಿತು. ಅಷ್ಟರಲ್ಲಿ ಅಮ್ಮ ಬಂದು ರಿಸೀವರ್ ಕಿತ್ತುಕೊಂಡಳು. ಫರೀದಾಳ ತಂದೆಯೆಂದು ತಿಳಿದ ಕೂಡಲೇ ಅವಳು ಗೋಡೆಗೆ ಒರಗಿ ನಿಂತಳು. ಆಮೇಲೆ ನನಗೆ ಕೇಳಿಸಿದ್ದು ಅಮ್ಮನ ಮಾತು ಮಾತ್ರ. ಭಾಯಿ ಸಾಬ್, ಚೆನ್ನಾಗಿದ್ದಾಳೆ. ಮಗು ಚೆನ್ನಾಗಿದೆ. ಇಲ್ಲ, ಅವಳಿಗೆ ಗೊತ್ತಿಲ್ಲ, ನಾವು ಹೇಳಿಲ್ಲ. ಈಗ ನಿಮ್ಮ ದನಿ ಕೇಳಿದರೆ ತಿಳಿದುಬಿಡುತ್ತದೆ ಭಾಯಿ ಸಾಬ್, ಹಸಿ ಮೈ, ಹಾಲು ಬತ್ತಿಹೋಗುತ್ತದೆ, ತಲೆ ಕೆಟ್ಟರೆ ನಾನೇನು ಮಾಡಲಿ. ಇನ್ನು ಹತ್ತೇ ದಿನ. ಹತ್ತು ದಿನ ಬಿಟ್ಟು ಮಾಡಿ, ಫೋನಿನ ಪಕ್ಕದಲ್ಲೇ ಕೂರಿಸಿಕೊಂಡಿರುತ್ತೇನೆ. ಅಮ್ಮ ಬೇಡಿಕೊಳ್ಳುತ್ತಿದ್ದಳು. ಆ ಕಡೆಯವರೂ ಬೇಡಿಕೊಳ್ಳುತ್ತಿದ್ದರೆಂದು ಅವಳ ಮುಖದಿಂದಲೇ ನನಗೆ ತಿಳಿಯಿತು. ಕೋಣೆಯ ಬಾಗಿಲು ಅಲ್ಲಿಂದ ಆರು ಹೆಜ್ಜೆ.

ಕೊನೆಗೆ ಅವರು ಮಗುವಿನ ದನಿಯನ್ನಾದರೂ ಕೇಳಿಸಿ ಎಂದರಂತೆ. ಅಮ್ಮ ರಿಸೀವರ್ ನನ್ನ ಕೈಗೆ ಕೊಟ್ಟು, ಅಡುಗೆಮನೆಯ ಬೆತ್ತದ ಬುಟ್ಟಿಯಲ್ಲಿ ಮಲಗಿದ್ದ ಮಗುವನ್ನು ಎತ್ತಿ ತಂದಳು. ಮಗು ಗಾಢ ನಿದ್ದೆಯಲ್ಲಿತ್ತು. ಅಮ್ಮ ಅದರ ಕೆನ್ನೆ ತಟ್ಟಿದಳು, ಏಳಲಿಲ್ಲ. ಆಮೇಲೆ ಅಮ್ಮ ಅದರ ಅಂಗಾಲನ್ನು ಉಗುರಿನಿಂದ ಚಿವುಟಿದಳು. ಮಗು ಚಿಟ್ಟನೆ ಚೀರಿತು. ನಾನು ರಿಸೀವರನ್ನು ಅದರ ಬಾಯಿಗೆ ಹಿಡಿದಿದ್ದೆ. ಅಮ್ಮನ ಕಣ್ಣಿಂದ ನೀರು ಸುರಿದು ಮಗುವಿನ ಬಟ್ಟೆಗೆ ಬೀಳುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ, ನಾನು ಕಿವಿಗಿಟ್ಟುಕೊಂಡಾಗ ಲೈನ್ ಹೋಗಿತ್ತು. ಒಳಗಿನಿಂದ ಫರೀದಾ ನಿದ್ದೆಗಣ್ಣಿನಲ್ಲೇ ಕೇಳಿದಳು, ಯಾಕೆ ಅಳುತ್ತಿದ್ದಾನೆ? ಹಸಿವು, ಎಂದಳು ಅಮ್ಮ. ಸಂಜೆ ಅಪ್ಪನಿಗೆ ಅಮ್ಮ ಎಲ್ಲ ಹೇಳಿದಳು: ಅವರು ಈ ಫೋನ್ ಮಾಡಲಿಕ್ಕೇ ಎಂಬಂತೆ ಗಡಿ ದಾಟಿ ಪೇಶಾವರಕ್ಕೆ ಬಂದಿದ್ದರು, ಸಣ್ಣ ಮಗಳನ್ನು ಕಾಬೂಲಿನಲ್ಲಿ ನೆರೆಯವರ ಹತ್ತಿರ ಬಿಟ್ಟಿದ್ದರು, ಅವಳನ್ನು ಕರೆತರಲು ಅವತ್ತೇ ವಾಪಸು ಹೊರಟಿದ್ದರು. ಅಪ್ಪ, "ಕೊಟ್ಬಿಡ್ಬೇಕಿತ್ತು ವಿಮಲಾ" ಎಂದಷ್ಟೇ ಅಂದರು.

ಆ ಹತ್ತು ದಿನ ಅಮ್ಮ ಕ್ಯಾಲೆಂಡರ್ ನೋಡಿದಷ್ಟು ದೇವರನ್ನು ನೋಡಲಿಲ್ಲ. ನಲವತ್ತನೆಯ ದಿನ ಬೆಳಿಗ್ಗೆ ಫರೀದಾಳಿಗೆ ತಲೆಗೆ ನೀರೆರೆದು, ಹೊಸ ಸಲ್ವಾರ್ ತೊಡಿಸಿ, ಆರತಿ ಎತ್ತಬೇಕೆಂದುಕೊಂಡಿದ್ದವಳು ಆರತಿ ತಟ್ಟೆಯನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ನಸೀರ್ ಅಂಕಲ್ ಕೋಣೆಯೊಳಗೆ ಹೋಗಿ ಬಾಗಿಲು ಸರಿಸಿಕೊಂಡರು. ನಾವು ಮೂವರೂ ಅಡುಗೆಮನೆಯಲ್ಲಿ ನಿಂತಿದ್ದೆವು. ಚೀರಾಟ ಬರುತ್ತದೆ ಎಂದು ಕಾದೆವು, ಬರಲಿಲ್ಲ. ಬಹಳ ಹೊತ್ತಿನ ಮೇಲೆ ಫರೀದಾ ಒದ್ದೆ ಕೂದಲು ಬಿಟ್ಟುಕೊಂಡೇ ಹೊರಗೆ ಬಂದಳು. ಅವಳಿಗೆ ಸನ್ನಿ ಹಿಡಿದಿರಲಿಲ್ಲ. ಅವಳ ಕಣ್ಣು ನನ್ನ ಕಣ್ಣಿನಷ್ಟೇ ನೆಟ್ಟಗಿತ್ತು.

"ನನ್ನ ಅಪ್ಪ ಫೋನ್ ಮಾಡಿದ್ದರೇ?"

ಇನ್ನೊಂದು ಸುಳ್ಳು ಹೇಳುವ ಶಕ್ತಿ ಅಮ್ಮನಲ್ಲಿ ಉಳಿದಿರಲಿಲ್ಲ. "ಮಾಡಿದ್ದರು. ಹತ್ತು ದಿನದ ಹಿಂದೆ."

"ನಾನು ಎಲ್ಲಿದ್ದೆ?"

ಅಮ್ಮ ಕೈಯಿಂದ ಕೋಣೆಯ ಕಡೆ ತೋರಿಸಿದಳು. ಫರೀದಾ ಆ ಕೈಯನ್ನು, ಕೋಣೆಯನ್ನು, ಫೋನನ್ನು ನೋಡಿದಳು. ಇವತ್ತು ಮಾಡುತ್ತಾರೆ, ಹತ್ತು ದಿನ ಬಿಟ್ಟು ಅಂತ ಹೇಳಿದ್ದೇನೆ, ಎಂದು ಅಮ್ಮ ಅಂದಳು. ಫರೀದಾ ಹೋಗಿ ಚಪ್ಪಲಿ ಕಪಾಟಿನ ಪಕ್ಕದಲ್ಲಿ ಗೋಡೆಗೊರಗಿ ಕೂತಳು, ಫೋನಿನ ಕೆಳಗಿನ ಟವಲ್ಲನ್ನು ಎಳೆದು ಬಿಸಾಡಿದಳು. ಅವತ್ತು ಫೋನ್ ಬರಲಿಲ್ಲ. ಮರುದಿನವೂ ಬರಲಿಲ್ಲ. ಎರಡು ವಾರ ಅವಳು ಅಲ್ಲೇ ಕೂತಳು, ಅಲ್ಲೇ ಹಾಲು ಕುಡಿಸಿದಳು. ಅಪ್ಪನ ಆಫೀಸಿನವರು ಯಾರಾದರೂ ಮಾಡಿದರೆ ಅವಳ ಇಡೀ ಮೈ ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ಆಮೇಲೆ ಪೇಶಾವರದ ದಾಯಾದಿಯ ಫೋನ್ ಬಂತು: ತಂಗಿ ಬೇರೆ ಯಾರ ಜೊತೆಗೋ ಗಡಿ ದಾಟಿ ಬಂದಿದ್ದಾಳೆ. ತಂದೆ ಕಾಬೂಲಿನ ಬಸ್ಸು ಹತ್ತಿದ್ದನ್ನು ಕಂಡವರಿದ್ದಾರೆ, ಇಳಿದದ್ದನ್ನು ಕಂಡವರಿಲ್ಲ. ಇವತ್ತಿನವರೆಗೂ ಇಷ್ಟೇ ಗೊತ್ತಿರುವುದು.

ಫರೀದಾ ಅಮ್ಮನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಅಮ್ಮನಿಗೆ ಜಗಳ ಗೊತ್ತು, ಅದರಲ್ಲಿ ಉಳಿಯುತ್ತಿದ್ದಳು. ಹಾಸಿಗೆ ಮಡಿಸಿಟ್ಟು, ಕೋಣೆ ಒರೆಸಿ, ಕೈ ಜೋಡಿಸಿ ಬರುತ್ತೇನೆಂದು ಹೇಳಿ ತಮ್ಮ ಒಂದೇ ಕೋಣೆಯ ಮನೆಗೆ ಹೋದಳು. ಅಮ್ಮ ದಿನವೂ ಸ್ಟೀಲಿನ ಡಬ್ಬಿಯಲ್ಲಿ ಸಾರು ಕಳಿಸುತ್ತಿದ್ದಳು. ಮುಂಚೆ ಆ ಡಬ್ಬಿ ಎಂದೂ ಖಾಲಿ ವಾಪಸು ಬರುತ್ತಿರಲಿಲ್ಲ, ಒಣದ್ರಾಕ್ಷಿಯೋ ಒಂದು ತುಂಡು ರೊಟ್ಟಿಯೋ ಇರುತ್ತಿತ್ತು. ಈಗ ತೊಳೆದು, ಒರೆಸಿ, ಖಾಲಿ ಬರತೊಡಗಿತು. ಅಮ್ಮ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ ಕಪಾಟಿನಲ್ಲಿಡುತ್ತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ನಮ್ಮವರು. ಆಡದೆ ಉಳಿದ ಮಾತಿಗೆ ಒಂದು ಗಾದೆಯನ್ನೂ ಕಟ್ಟಿಟ್ಟ ಹಾಗಿಲ್ಲ. ಎಷ್ಟೋ ವರ್ಷದ ಮೇಲೆ ಕಾವಾಸಾಕಿಯಲ್ಲಿ ನಾನು ಹಡೆದಾಗ ಅಮ್ಮ ಬಂದು ಬಾಣಂತನ ಮಾಡಿದಳು. ಎಣ್ಣೆ ನೀರು ಹಾಕಿ ರಜಾಯಿ ಹೊದಿಸಿ ಮಲಗಿಸಿದ್ದವಳೇ, ಐದೇ ನಿಮಿಷಕ್ಕೆ ರಜಾಯಿ ಕಿತ್ತೆಸೆದು ಮೊಬೈಲ್ ನನ್ನ ಕಿವಿಗೊತ್ತಿದಳು. "ಯಾರೋ ಗೊತ್ತಿಲ್ಲ ಕಣೇ, ನೀನೇ ಮಾತಾಡು, ಬೇಗ, ಬೇಗ." ಯಾವುದೋ ಇಂಟರ್ನೆಟ್ ಕಂಪನಿಯ ಹುಡುಗ, ಹೊಸ ಕನೆಕ್ಷನ್ ಬೇಕೇ ಎಂದು ಕೇಳುತ್ತಿದ್ದ. ಬೇಡ ಎಂದು ಇಡಲು ಹೋದೆ. ಅಮ್ಮ ನನ್ನ ಕೈ ಹಿಡಿದಳು, "ಪೂರ್ತಿ ಕೇಳಿಸ್ಕೋ" ಎಂದಳು. ನಾನು ಒದ್ದೆ ತಲೆಯಲ್ಲಿ ಕೂತು ಅವನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡೆ.

ಅಮ್ಮನ ಪಾಲಿನದು ಅಮ್ಮನಿಗೆ. ನನ್ನ ಪಾಲಿನದು ಬೇರೆ ಇದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಅಮ್ಮನಿಗೂ. ಫರೀದಾ ತಮ್ಮ ಮನೆಗೆ ಹೋದ ಮೇಲೆ, ಸಾರಿನ ಡಬ್ಬಿ ಹಿಡಿದು ಹೋಗುತ್ತಿದ್ದವಳು ನಾನು. ಮೊದಲ ದಿನ ಅವಳು ಬಾಗಿಲು ಹಾಕಿ ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಅವತ್ತು ಆ ನರ್ಸ್ ನಿಜವಾಗಿ ಏನು ಹೇಳಿದರು ಎಂದು ಕೇಳಿದಳು. ಹೇಳಿದೆ, ಮನೆಗಳು ಉರಿಯುತ್ತಿದ್ದದ್ದೂ ಸೇರಿ. ತಲೆಯಾಡಿಸಿದಳು. ಆಮೇಲೆ ಕೇಳಿದಳು, ಫೋನ್ ಮೊದಲು ಎತ್ತಿದ್ದು ನೀನಲ್ಲವೇ, ಅಪ್ಪ ನಿನ್ನ ಹತ್ತಿರ ಮಾತಾಡಿದರಲ್ಲವೇ, ಏನೆಂದರು, ಒಂದೂ ಬಿಡದೆ ಹೇಳು. ನಾನು ಹೇಳಿದೆ. ಫರೀದಾ ಜಾನ್, ನೀನೇನಾ. ಆಮೇಲೆ ಕೆಮ್ಮಿದರು, ಸ್ವಲ್ಪ ನಕ್ಕರು. ಹಾಗಾದರೆ ನೀನು ಆ ಮನೆಯ ಮಗಳು. ಫರೀದಾಳನ್ನು ಕರೆ ಮಗೂ. ಅಷ್ಟೇ. ಅವಳು ಕಣ್ಣು ಮುಚ್ಚಿದಳು. ಕೆಮ್ಮಿದ್ದು ಹೇಗೆ, ಗಂಟಲಿಂದಲೋ ಎದೆಯಿಂದಲೋ? ಜಾನ್ ಅಂದದ್ದು ಎಳೆದೋ, ಗಕ್ಕನೆಯೋ? ಅವರಂತೆಯೇ ಹೇಳು. ನಾನು ದನಿ ದಪ್ಪ ಮಾಡಿ, ನಿಧಾನವಾಗಿ, ಅವರಂತೆಯೇ ಹೇಳಿದೆ. ಅವಳ ಮುಖ ಬಿಚ್ಚಿಕೊಂಡಿತು. ಹೌದು, ಎಂದಳು, ಹೀಗೆಯೇ. ಮರುದಿನವೂ ಕೇಳಿದಳು. ಅದರ ಮರುದಿನವೂ. ಸ್ಕೂಲಿನಿಂದ ಬಂದು ಬ್ಯಾಗು ಎಸೆದು ನಾನು ಡಬ್ಬಿ ಹಿಡಿದು ಓಡುತ್ತಿದ್ದೆ. ಆ ನಾಲ್ಕು ಮಾತನ್ನು ನಾನು ಎಷ್ಟು ಸಲ ಹೇಳಿದೆನೋ. ಅವಳು ತಿನ್ನುತ್ತಿರಲಿಲ್ಲ, ತೆಳ್ಳಗಾಗುತ್ತಿದ್ದಳು, ಮಗು ಹಾಲಿಗೆ ಅಳುತ್ತಿತ್ತು.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಫರೀದಾಳನ್ನು ಕರೆ ಮಗೂ ಎಂದಾದ ಮೇಲೆ ಉಸಿರು ತೆಗೆದುಕೊಂಡು, ಅದೇ ದನಿಯಲ್ಲಿ ಸೇರಿಸಿದೆ:

"ಅವಳು ಚೆನ್ನಾಗಿ ಊಟ ಮಾಡಲಿ ಅಂತ ಹೇಳು."

ಫರೀದಾ ಕಣ್ಣು ತೆರೆದಳು. ಹೊರಗೆ ಯಾರೋ ಸೈಕಲ್ ನಿಲ್ಲಿಸಿ ಬೀಗ ಹಾಕುತ್ತಿದ್ದರು.

"ನಿನ್ನೆ ಇದು ಇರಲಿಲ್ಲ."

ನಾನು ಸಾರಿನ ಡಬ್ಬಿಯನ್ನು ಅವಳ ಕಡೆ ಸರಿಸಿದೆ.

"ನನ್ನ ಅಪ್ಪ ಊಟದ ಮಾತಾಡುವವರಲ್ಲ. ಅದು ನಿಮ್ಮಮ್ಮನ ಮಾತು." ಅವಳಿಗೆ ಸಿಟ್ಟು ಬಂದಿರಲಿಲ್ಲ. ಬಗ್ಗಿ ನನ್ನ ಮುಖದ ಹತ್ತಿರ ಮುಖ ತಂದು, ಬಹಳ ಮೆಲ್ಲಗೆ ಕೇಳಿದಳು. "ಉಳಿದದ್ದಾದರೂ ನಿಜವೇ? ಜಾನ್ ಅಂದರೇ? ನಕ್ಕರೇ?"

"ನಿಜ ಆಂಟಿ. ದೇವರಾಣೆ ನಿಜ."

ನಿಜವೇ ಆಗಿತ್ತು. ಅವಳು ನನ್ನನ್ನು ಎಷ್ಟೋ ಹೊತ್ತು ನೋಡಿದಳು. ನಂಬಲು ಅವಳು ಎಷ್ಟು ಹೆಣಗಿದಳೆಂದು ನಾನು ಅಷ್ಟು ಹತ್ತಿರದಿಂದ ಕಂಡೆ. ಆಮೇಲೆ ಡಬ್ಬಿ ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟು ಬಾಗಿಲು ತೆರೆದಳು. ಮರುದಿನ ಹೋದಾಗ ನಾನು ಎಂದಿನ ಜಾಗದಲ್ಲಿ ಕೂತು, ಗಂಟಲು ಸರಿಮಾಡಿಕೊಂಡು ಕಾದೆ. ಅವಳು ಕೇಳಲಿಲ್ಲ.